ಅಕ್ವೇರಿಯಂ ಮೀನಿಗೆ ಕಾಯಿಲೆ: ಔಷಧಿ ಬಾಟಲಿಗಿಂತ ಮೊದಲು ನೀರು ನೋಡಿ

ಡಿಸೆಂಬರಿನ ಥಂಡಿ ಶುರುವಾದ ಕೂಡಲೇ ಹುಬ್ಬಳ್ಳಿ-ಧಾರವಾಡದ ಓದುಗರಿಂದ ಬರುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ. "ಮೀನಿನ ಮೈ ಮೇಲೆ ಬಿಳಿ ಚುಕ್ಕೆ ಬಂದಿದೆ, ಏನು ಹಾಕಲಿ?" ಏಪ್ರಿಲ್ ಬಂದರೆ ಪ್ರಶ್ನೆ ಸ್ವಲ್ಪ ಬದಲಾಗುತ್ತದೆ. "ಮೀನೆಲ್ಲ ಮೇಲೆ ಬಂದು ಬಾಯಿ ತೆರೆಯುತ್ತಿವೆ, ಏನು ಹಾಕಲಿ?" ಎರಡರಲ್ಲೂ "ಏನು ಹಾಕಲಿ" ಮಾತ್ರ ಹಾಗೇ ಉಳಿದಿರುತ್ತದೆ. ಅಂಗಡಿಗೆ ಹೋದರೆ ಒಂದು ನೀಲಿ ಬಾಟಲಿ, ಒಂದು ಹಳದಿ ಬಾಟಲಿ ಕೊಡುತ್ತಾರೆ. ಎರಡನ್ನೂ ಅಂದಾಜಿನ ಮೇಲೆ ಸುರಿಯುತ್ತೇವೆ. ಆಮೇಲೆ ಮೀನು ಸತ್ತರೆ ಕಾಯಿಲೆಯಿಂದ ಸತ್ತಿತೋ ಔಷಧಿಯಿಂದ ಸತ್ತಿತೋ ಹೇಳಲು ಬರುವುದಿಲ್ಲ.

ಗಪ್ಪಿ, ಮೋಲಿ, ಪ್ಲಾಟಿ, ಫೈಟರ್, ಟೆಟ್ರಾ, ಏಂಜೆಲ್, ಗೌರಾಮಿ, ಗೋಲ್ಡ್ ಫಿಶ್ ಸಾಕುವವರಿಗಾಗಿ ಇದನ್ನು ಬರೆದಿದ್ದೇನೆ. ಕೆಳಗಿನ ಹಂತಗಳನ್ನು ಅದೇ ಕ್ರಮದಲ್ಲಿ ಮಾಡಿ. ಮೊದಲು ನೀರು, ಆಮೇಲೆ ಮೀನು, ಕೊನೆಗೆ ಬೇಕಿದ್ದರೆ ಔಷಧಿ. ಮನೆಯ ತೊಟ್ಟಿಯಲ್ಲಿ ಮೀನು ಸಪ್ಪಗಾಗಲು ಮೊದಲ ಕಾರಣ ಬಹಳ ಸಲ ನೀರೇ. ರೋಗಾಣುಗಳು ತೊಟ್ಟಿಯಲ್ಲಿ ಮೊದಲಿನಿಂದಲೂ ಇರಬಹುದು. ನೀರು ಕೆಟ್ಟು ಮೀನು ಸೋತಾಗ ಅವು ಮೇಲುಗೈ ಪಡೆಯುತ್ತವೆ.

ಮನೆಯಲ್ಲಿ ಮೊದಲೇ ಇರಬೇಕಾದ ಸಾಮಾನು

ಕಾಯಿಲೆ ಬಂದ ಮೇಲೆ ಹುಡುಕಲು ಹೊರಟರೆ ಅಂಗಡಿ ಮುಚ್ಚಿರುತ್ತದೆ. ಹಾಗಾಗಿ ಇವನ್ನು ಮೊದಲೇ ತಂದಿಟ್ಟುಕೊಳ್ಳಿ. ಒಂದು ಥರ್ಮಾಮೀಟರ್. ಅಮೋನಿಯಾ, ನೈಟ್ರೈಟ್, ಪಿಎಚ್ (ನೀರು ಆಮ್ಲೀಯವೋ ಕ್ಷಾರೀಯವೋ ತಿಳಿಸುವ ಅಂಕಿ) ನೋಡುವ ಹನಿ ಹಾಕುವ ಟೆಸ್ಟ್ ಕಿಟ್. ಕ್ಲೋರಿನ್ ತೆಗೆಯುವ ದ್ರಾವಣ. ಅಂಗಡಿಯಲ್ಲಿ ಆಂಟಿ ಕ್ಲೋರಿನ್ ಅಂತ ಕೇಳಿದರೆ ಸಿಗುತ್ತದೆ, ಸಾಮಾನ್ಯವಾಗಿ ಅದು ಸೋಡಿಯಂ ಥಯೋಸಲ್ಫೇಟ್. ಅರ್ಧ ಕಿಲೋ ಕಲ್ಲುಪ್ಪು. ಗ್ರಾಂ ತೋರಿಸುವ ಅಡುಗೆಮನೆಯ ತಕ್ಕಡಿ. ಸೂಜಿ ಇಲ್ಲದ ಸಿರಿಂಜ್. ಟಾರ್ಚ್. ಸೋಪು ಮುಟ್ಟದ, ಮೀನಿಗೆ ಅಂತಲೇ ಮೀಸಲಾದ ಒಂದು ಬಕೆಟ್. 20 ಲೀಟರಿನ ಪ್ಲಾಸ್ಟಿಕ್ ಟಬ್, ಅದಕ್ಕೊಂದು ಏರ್ ಪಂಪ್, ಸ್ಪಾಂಜ್ ಫಿಲ್ಟರ್, ಸಣ್ಣ ಹೀಟರ್.

ದುಡ್ಡು ಕಡಿಮೆ ಇದ್ದರೆ ಔಷಧಿ ಬಿಡಿ, ಟೆಸ್ಟ್ ಕಿಟ್ ಬಿಡಬೇಡಿ. ತಿಳಿಯಾಗಿ ಕಾಣುವ ನೀರು ಒಳ್ಳೆಯ ನೀರೇ ಆಗಿರಬೇಕಿಲ್ಲ. ಅಮೋನಿಯಾಕ್ಕೆ ಬಣ್ಣವಿಲ್ಲ.

ಹಂತ 1: ಏನೂ ಮಾಡದೆ ಹತ್ತು ನಿಮಿಷ ನೋಡಿ

ಕೈ ಹಾಕಬೇಡಿ, ಬಲೆ ಹಾಕಬೇಡಿ. ತೊಟ್ಟಿಯಿಂದ ಎರಡು ಹೆಜ್ಜೆ ದೂರ ಕುಳಿತು ಸುಮ್ನೆ ನೋಡಿ. ಹತ್ತಿರ ಹೋದರೆ ಊಟ ಬಂತು ಅಂತ ರೋಗದ ಮೀನೂ ಚುರುಕಾಗಿ ಬಿಡುತ್ತದೆ.

ಕಿವಿರು ನೋಡಿ, ಅಂದರೆ ಮೀನು ಉಸಿರಾಡುವ, ತಲೆಯ ಪಕ್ಕದ ಮುಚ್ಚಳದ ಭಾಗ. ಜೋರಾಗಿ ಬಡಿಯುತ್ತಿದೆಯೇ? ಬೆನ್ನಿನ ರೆಕ್ಕೆ ಅಗಲವಾಗಿದೆಯೇ, ಮೈಗೆ ಅಂಟಿಕೊಂಡಿದೆಯೇ? ಕಲ್ಲಿಗೆ, ಗಾಜಿಗೆ ಮೈ ಉಜ್ಜುತ್ತಿದೆಯೇ? ಗುಂಪು ಬಿಟ್ಟು ಮೂಲೆಯಲ್ಲಿ ನಿಂತಿದೆಯೇ? ಮಲ ಬಿಳಿ ದಾರದ ಹಾಗೆ ಜೋತು ಬಿದ್ದಿದೆಯೇ? ಆಮೇಲೆ ಒಂದು ಚೂರು ಆಹಾರ ಹಾಕಿ ನೋಡಿ. ಬಾಯಿಗೆ ತೆಗೆದುಕೊಂಡು ಉಗುಳುವುದೂ ಒಂದು ಲಕ್ಷಣವೇ.

ಕಾಯಿಲೆಯಲ್ಲದ ಕೆಲವನ್ನು ಕಾಯಿಲೆ ಅಂತ ತಿಳಿದು ಗಾಬರಿಯಾಗುವವರು ಜಾಸ್ತಿ. ಫೈಟರ್ ಮತ್ತು ಗೌರಾಮಿ ಮೀನುಗಳು ಮೇಲೆ ಬಂದು ಗಾಳಿ ನುಂಗುವುದು ಸಹಜ, ಅವಕ್ಕೆ ಗಾಳಿಯಿಂದಲೇ ಉಸಿರಾಡುವ ಅಂಗವಿದೆ. ಫೈಟರ್ ಗಂಡು ಮೇಲೆ ನೊರೆ ಕಟ್ಟಿದರೆ ಅದು ಗೂಡು. ನಿಯಾನ್ ಟೆಟ್ರಾ ರಾತ್ರಿ ಬಣ್ಣ ಕಳೆದುಕೊಂಡು ಬೆಳಗ್ಗೆ ದೀಪ ಹಾಕಿದ ಮೇಲೆ ಮತ್ತೆ ಹೊಳೆಯುತ್ತದೆ. ಗೋಲ್ಡ್ ಫಿಶ್ ಗಂಡಿಗೆ ಮರಿ ಮಾಡುವ ಕಾಲದಲ್ಲಿ ಕಿವಿರಿನ ಮುಚ್ಚಳದ ಮೇಲೆ, ಎದೆಯ ರೆಕ್ಕೆಯ ಮುಂದಿನ ಅಂಚಿನಲ್ಲಿ ಸಾಲಾಗಿ ಬಿಳಿ ಚುಕ್ಕೆ ಏಳುತ್ತವೆ. ಇದನ್ನು ನೋಡಿ ಬಿಳಿ ಚುಕ್ಕೆ ರೋಗ ಅಂದುಕೊಂಡು ಆರೋಗ್ಯವಂತ ಮೀನಿಗೆ ಔಷಧಿ ಹಾಕುವವರಿದ್ದಾರೆ. ಆ ಎರಡು ಜಾಗ ಬಿಟ್ಟು ಮೈ, ಬಾಲದಲ್ಲಿ ಎಲ್ಲೂ ಚುಕ್ಕೆ ಇಲ್ಲದಿದ್ದರೆ, ಮೀನು ಚೆನ್ನಾಗಿ ತಿನ್ನುತ್ತಿದ್ದರೆ ಬಿಟ್ಟುಬಿಡಿ.

ಹಂತ 2: ಒಂದೇ ಮೀನೋ, ಎಲ್ಲವೂ ಒಟ್ಟಿಗೋ?

ಇಡೀ ಲೇಖನದಲ್ಲಿ ನೆನಪಿಡಬೇಕಾದ ಪ್ರಶ್ನೆ ಇದು. ನಿನ್ನೆ ಚೆನ್ನಾಗಿದ್ದ ಮೀನುಗಳೆಲ್ಲ ಇವತ್ತು ಒಟ್ಟಿಗೆ ಒದ್ದಾಡುತ್ತಿದ್ದರೆ ಅದು ಸೋಂಕಲ್ಲ, ನೀರಿನ ತೊಂದರೆ ಅಂತಲೇ ಹಿಡಿಯಿರಿ. ಸೋಂಕು ಒಂದು ಮೀನಿನಲ್ಲಿ ಕಾಣಿಸಿ, ಎರಡು ಮೂರು ದಿನ ತೆಗೆದುಕೊಂಡು ಇನ್ನೊಂದಕ್ಕೆ ಹಬ್ಬುತ್ತದೆ. ಒಂದು ಮೀನು ಮಾತ್ರ ವಾರಗಟ್ಟಲೆ ಸೊರಗಿ, ಉಳಿದವು ಆರಾಮಾಗಿದ್ದರೆ ಗಾಯ, ವಯಸ್ಸು, ಹೊಟ್ಟೆಯೊಳಗಿನ ಹುಳ ಅಥವಾ ಬೇರೆ ಮೀನುಗಳ ಕಾಟ ಇರಬಹುದು.

ಎಲ್ಲವೂ ಒಟ್ಟಿಗೆ ಅಂದಾದರೆ ಕಳೆದ 24 ಗಂಟೆಯಲ್ಲಿ ಮನೆಯಲ್ಲಿ ಏನಾಯಿತು ಅಂತ ಕೇಳಿಕೊಳ್ಳಿ. ನೀರು ಬದಲಿಸಿದಿರಾ? ನೀರಿನ ಸಂಪಿನಲ್ಲಿ ಬ್ಲೀಚಿಂಗ್ ಪೌಡರ್ ಹಾಕಿದ್ದರಾ? ಕರೆಂಟ್ ಹೋಗಿ ಫಿಲ್ಟರ್ ನಿಂತಿತ್ತಾ? ಅದೇ ಕೋಣೆಯಲ್ಲಿ ಸೊಳ್ಳೆಗೆ, ಜಿರಳೆಗೆ ಸ್ಪ್ರೇ ಹೊಡೆದರಾ? ದೀಪಾವಳಿಗೆ ಮುಂಚೆ ಗೋಡೆಗೆ ಬಣ್ಣ ಹಚ್ಚಿದರಾ? ಏರ್ ಪಂಪ್ ಕೋಣೆಯ ಗಾಳಿಯನ್ನೇ ಎಳೆದು ನೀರಿಗೆ ತಳ್ಳುತ್ತದೆ. ಸ್ಪ್ರೇ, ಪೇಂಟಿನ ವಾಸನೆ, ದಟ್ಟ ಹೊಗೆ ಎಲ್ಲವೂ ಅದರ ಜೊತೆ ಒಳಗೆ ಹೋಗುತ್ತದೆ. ಮನೆಗೆ ಬಣ್ಣ ಹಚ್ಚುವ ದಿನ ತೊಟ್ಟಿಯ ಬಾಯಿಗೆ ಒದ್ದೆ ಬಟ್ಟೆ ಮುಚ್ಚಿ, ಪಂಪನ್ನು ಬೇರೆ ಕೋಣೆಯಲ್ಲಿಟ್ಟು ಉದ್ದ ಪೈಪ್ ಎಳೆದುಕೊಳ್ಳಿ.

ಹಂತ 3: ನೀರು ಪರೀಕ್ಷೆ, ಆಮೇಲೆ ನೀರು ಬದಲಾವಣೆ

ಉಷ್ಣತೆ, ಅಮೋನಿಯಾ, ನೈಟ್ರೈಟ್, ಪಿಎಚ್ ನೋಡಿ ಬರೆದಿಡಿ. ಅಮೋನಿಯಾ ಮೀನಿನ ಉಸಿರಾಟ, ಮಲ ಮತ್ತು ಕೊಳೆತ ಆಹಾರದಿಂದ ಬರುವ ವಿಷ. ಫಿಲ್ಟರಿನಲ್ಲಿ ಬೆಳೆಯುವ ಒಳ್ಳೆಯ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್ ಮಾಡುತ್ತವೆ. ನೈಟ್ರೈಟ್ ಕೂಡ ವಿಷವೇ. ಇನ್ನೊಂದು ಗುಂಪಿನ ಬ್ಯಾಕ್ಟೀರಿಯಾ ಅದನ್ನು ನೈಟ್ರೇಟ್ ಮಾಡುತ್ತವೆ, ಅದರಿಂದ ತೊಂದರೆ ಕಡಿಮೆ. ಈ ವ್ಯವಸ್ಥೆ ಹೊಸ ತೊಟ್ಟಿಯಲ್ಲಿ ಕೂಡಿಬರಲು ಸುಮಾರು 4ರಿಂದ 6 ವಾರ ಬೇಕು. ಭಾನುವಾರ ತೊಟ್ಟಿ ತಂದು ಅವತ್ತೇ ಹತ್ತು ಮೀನು ಬಿಟ್ಟರೆ ಮುಂದಿನ ವಾರ ಸಾಯುವುದು ಯಾವ ರೋಗದಿಂದಲೂ ಅಲ್ಲ.

ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆ ಇರಬೇಕು. ಪಿಎಚ್ ಮತ್ತು ಉಷ್ಣತೆ ಏರಿದಷ್ಟೂ ಅಮೋನಿಯಾದ ವಿಷ ಜಾಸ್ತಿ. ಗಡಸು ಬೋರ್ ನೀರಿನ ಪಿಎಚ್ ಬಹಳ ಕಡೆ ಮೇಲೆಯೇ ಇರುತ್ತದೆ. ಹಾಗಾಗಿ ಅಂಥ ನೀರಿನ ತೊಟ್ಟಿಯಲ್ಲಿ ಸ್ವಲ್ಪ ಅಮೋನಿಯಾ ಕಂಡರೂ ತಡ ಮಾಡಬೇಡಿ.

ಎರಡರಲ್ಲಿ ಒಂದಾದರೂ ಕಂಡರೆ ಅಥವಾ ಕಾರಣವೇ ತಿಳಿಯದೆ ಮೀನೆಲ್ಲ ಒದ್ದಾಡುತ್ತಿದ್ದರೆ ಮೊದಲ ಚಿಕಿತ್ಸೆ ನೀರು ಬದಲಾವಣೆ. ಕಾಲು ಭಾಗದಿಂದ ಅರ್ಧದವರೆಗೆ ತೆಗೆದು, ಅದೇ ಉಷ್ಣತೆಯ, ಕ್ಲೋರಿನ್ ತೆಗೆದ ನೀರು ನಿಧಾನವಾಗಿ ಹಾಕಿ. ಏರ್ ಪಂಪ್ ಜೋರು ಮಾಡಿ. ಅವತ್ತು ಆಹಾರ ಬೇಡ. ಮರುದಿನ ಮತ್ತೆ ಪರೀಕ್ಷಿಸಿ, ಬೇಕಿದ್ದರೆ ಮತ್ತೆ ಬದಲಿಸಿ. ನೈಟ್ರೈಟ್ ಏರಿದ್ದರೆ ಲೀಟರಿಗೆ 1 ಗ್ರಾಂ ಉಪ್ಪು ನಿಜಕ್ಕೂ ಕೆಲಸ ಮಾಡುತ್ತದೆ. ಉಪ್ಪಿನಲ್ಲಿರುವ ಕ್ಲೋರೈಡ್, ನೈಟ್ರೈಟ್ ಕಿವಿರಿನ ಮೂಲಕ ರಕ್ತಕ್ಕೆ ಹೋಗದಂತೆ ತಡೆಯುತ್ತದೆ.

ನಮ್ಮ ಕಡೆ ನೀರಿನ ತ್ರಾಸು ಬೇರೆಯೇ ಇದೆ. ಮಲಪ್ರಭೆಯ ನಲ್ಲಿ ನೀರು ಹಲವು ಓಣಿಗಳಲ್ಲಿ ದಿನವೂ ಬರುವುದಿಲ್ಲ. ಬಂದ ದಿನ ಸಂಪು ತುಂಬಿಸಿ, ಮುಗಿದರೆ ಬೋರ್ ನೀರು ಅಥವಾ ಟ್ಯಾಂಕರ್. ಮನುಷ್ಯರಿಗೆ ಇದು ನಡೆಯುತ್ತದೆ, ಮೀನಿಗೆ ನಡೆಯುವುದಿಲ್ಲ. ಈ ವಾರ ನದಿ ನೀರು, ಮುಂದಿನ ವಾರ ಗಡಸು ಬೋರ್ ನೀರು ಅಂದರೆ ಪ್ರತಿ ಸಲವೂ ಮೀನಿನ ಮೈಗೆ ಪೆಟ್ಟು. ಒಂದೇ ಮೂಲಕ್ಕೆ ಅಂಟಿಕೊಳ್ಳಿ. ನಲ್ಲಿ ನೀರು ಬಂದ ದಿನವೇ ಮೀನಿಗೆ ಬೇಕಾದಷ್ಟನ್ನು ಬೇರೆ ಡ್ರಮ್‌ನಲ್ಲಿ ಹಿಡಿದಿಟ್ಟರೆ ಸಾಕು. ಡ್ರಮ್ ತೆರೆದಿಟ್ಟು ಏರ್ ಸ್ಟೋನ್ ಬಿಟ್ಟರೆ ಒಂದು ದಿನದಲ್ಲಿ ಕ್ಲೋರಿನ್ ಹಾರಿಹೋಗುತ್ತದೆ. ಸೊಳ್ಳೆ ಮೊಟ್ಟೆ ಇಡದಂತೆ ಮೇಲೆ ಜಾಳಿಗೆ ಬಟ್ಟೆ ಕಟ್ಟಿ. ಬೋರ್ ನೀರನ್ನೇ ಬಳಸುವುದಾದರೂ ಹಿಡಿದ ಕೂಡಲೇ ಹಾಕಬೇಡಿ, ಆಳದಿಂದ ಬಂದ ನೀರಿನಲ್ಲಿ ಆಮ್ಲಜನಕ ಕಡಿಮೆ ಇರುತ್ತದೆ. ರಾತ್ರಿಯಿಡೀ ಗಾಳಿ ಆಡಿಸಿ. ಮಳೆಗಾಲದಲ್ಲಿ ಕೆಂಪು ನೀರು ಬಂತೆಂದು ಪಟಿಕ ಆಡಿಸಿದ ನೀರನ್ನು ಮೀನಿಗೆ ಬಳಸಬೇಡಿ, ಅದು ಪಿಎಚ್ ಇಳಿಸುತ್ತದೆ. ಗದಗ, ಹಾವೇರಿ ಕಡೆ ಬೋರ್ ನೀರೇ ಗತಿ ಅನ್ನುವವರು ಗಪ್ಪಿ, ಮೋಲಿ, ಪ್ಲಾಟಿ ಸಾಕಿ. ಅವು ಗಡಸು ನೀರಿಗೆ ಒಗ್ಗುತ್ತವೆ. ನಿಯಾನ್ ಟೆಟ್ರಾ ತಂದು ಅದರ ಜೊತೆ ಗುದ್ದಾಡುವುದು ಬೇಡ.

ಒಂದು ಎಚ್ಚರಿಕೆ. ಗಾಬರಿಯಲ್ಲಿ ಪೂರ್ತಿ ನೀರು ಚೆಲ್ಲಿ, ಕಲ್ಲು, ಫಿಲ್ಟರ್ ಎಲ್ಲವನ್ನೂ ನಲ್ಲಿಯ ಕೆಳಗೆ ತೊಳೆಯಬೇಡಿ. ಒಳ್ಳೆಯ ಬ್ಯಾಕ್ಟೀರಿಯಾ ಕ್ಲೋರಿನ್‌ಗೆ ಸಾಯುತ್ತವೆ, ತೊಟ್ಟಿ ಮತ್ತೆ ಹೊಸದರಂತಾಗುತ್ತದೆ. ಸ್ಪಾಂಜನ್ನು ತೊಟ್ಟಿಯಿಂದ ತೆಗೆದ ಹಳೇ ನೀರಿನಲ್ಲೇ ಹಿಂಡಿ.

ಹಂತ 4: ತೊಟ್ಟಿಯ ನೀರು ಎಷ್ಟು ಲೀಟರ್?

ಇದು ಗೊತ್ತಿಲ್ಲದೆ ಉಪ್ಪನ್ನೂ ಹಾಕಬೇಡಿ. ಉದ್ದ, ಅಗಲ, ನೀರಿನ ಎತ್ತರವನ್ನು ಇಂಚಿನಲ್ಲಿ ಅಳೆದು ಗುಣಿಸಿ 61ರಿಂದ ಭಾಗಿಸಿ. 24 ಇಂಚು ಉದ್ದ, 12 ಅಗಲ, 12 ಎತ್ತರದ ತೊಟ್ಟಿಯಲ್ಲಿ ಅಂಚಿನವರೆಗೂ ತುಂಬಿದರೆ ಸುಮಾರು 56 ಲೀಟರ್. ಮೇಲೆ ಬಿಟ್ಟ ಜಾಗ, ತಳದ ಕಲ್ಲು ಕಳೆದರೆ ನಿಜವಾದ ನೀರು 45ರಿಂದ 48 ಲೀಟರ್. ಈ ಅಂಕಿಯನ್ನು ತೊಟ್ಟಿಯ ಹಿಂದೆ ಒಂದು ಚೀಟಿಯಲ್ಲಿ ಬರೆದು ಅಂಟಿಸಿ.

ಹಂತ 5: ಕಾಯಿಲೆ ಗುರುತಿಸಿ

ನೀರು ಸರಿಯಾಗಿದೆ, ಆದರೂ ಲಕ್ಷಣ ಉಳಿದಿದೆ ಅಂದರೆ ಮಾತ್ರ ಇಲ್ಲಿಗೆ ಬನ್ನಿ.

ಬಿಳಿ ಚುಕ್ಕೆ ರೋಗ. ಇಕ್ ಅಂತಲೂ ಕರೆಯುತ್ತಾರೆ. ಮೈ, ರೆಕ್ಕೆ, ಬಾಲದ ಮೇಲೆ ಸಣ್ಣ ರವೆ ಕಾಳಿನಷ್ಟು ಬಿಳಿ ಚುಕ್ಕೆ. ಮೀನು ಕಲ್ಲಿಗೆ ಮೈ ಉಜ್ಜುತ್ತದೆ. ಕಾರಣ ಇಕ್ತಿಯಾಫ್ತಿರಿಯಸ್ ಅನ್ನುವ ಒಂದೇ ಜೀವಕೋಶದ ಪರಾವಲಂಬಿ, ಅಂದರೆ ಇನ್ನೊಂದು ಜೀವಿಯ ಮೈಯಲ್ಲಿ ತಿಂದು ಬದುಕುವ ಜೀವಿ. ಇದೇ ಅತಿ ಹೆಚ್ಚು ಕಾಣುವುದು, ಹಾಗಾಗಿ ಮುಂದಿನ ಹಂತವನ್ನು ಇದಕ್ಕೇ ಮೀಸಲಿಟ್ಟಿದ್ದೇನೆ.

ವೆಲ್ವೆಟ್. ಚುಕ್ಕೆ ಇನ್ನೂ ಸಣ್ಣದು, ಬಣ್ಣ ಹಳದಿ-ಬಂಗಾರ. ಕೋಣೆ ಕತ್ತಲೆ ಮಾಡಿ ಪಕ್ಕದಿಂದ ಟಾರ್ಚ್ ಬಿಟ್ಟರೆ ಮೈ ಮೇಲೆ ಧೂಳು ಕೂತಂತೆ ಹೊಳೆಯುತ್ತದೆ. ಇಕ್‌ಗಿಂತ ಬೇಗ ಕೊಲ್ಲುತ್ತದೆ. ತಾಮ್ರ ಇರುವ ಔಷಧಿ ಬೇಕಾಗುತ್ತದೆ. ತೊಟ್ಟಿಯಲ್ಲಿ ಸೀಗಡಿ, ಬಸವನಹುಳು ಇದ್ದರೆ ತಾಮ್ರ ಅವನ್ನು ಕೊಲ್ಲುತ್ತದೆ. ವೆಲ್ವೆಟ್‌ಗೂ ಒಂದು ಪರಾವಲಂಬಿಯೇ ಕಾರಣ, ಅದಕ್ಕೆ ಬೆಳಕಿನಿಂದಲೂ ಆಹಾರ ಸಿಗುವುದರಿಂದ ಚಿಕಿತ್ಸೆ ಮುಗಿಯುವ ತನಕ ದೀಪ ಆರಿಸಿಡಿ.

ಶಿಲೀಂಧ್ರ, ಅಂದರೆ ಬೂಸ್ಟು. ಗಾಯದ ಜಾಗದಲ್ಲಿ ಹತ್ತಿಯಂತೆ ಬಿಳಿ ಎಳೆ ಎದ್ದು ನಿಲ್ಲುತ್ತದೆ. ಪೆಟ್ಟು ಬಿದ್ದ ಮೀನಿಗೇ ಜಾಸ್ತಿ. ಬೇರೆ ಟಬ್‌ನಲ್ಲಿ ಉಪ್ಪು ಅಥವಾ ಮೆಥಿಲಿನ್ ಬ್ಲೂ, ಅಂದರೆ ಆ ನೀಲಿ ಬಾಟಲಿ.

ಕಾಲಮ್ನಾರಿಸ್. ಇಲ್ಲಿ ಬಹಳ ಜನ ಎಡವುತ್ತಾರೆ. ತುಟಿಯ ಸುತ್ತ, ಬೆನ್ನಿನ ಮೇಲೆ ಬೂದು-ಬಿಳಿ ಪಟ್ಟಿ. ನೋಡಲು ಬೂಸ್ಟಿನಂತೆಯೇ ಇದ್ದರೂ ಇದು ಬ್ಯಾಕ್ಟೀರಿಯಾ. ಎಳೆ ಉದ್ದವಾಗಿ ನಿಲ್ಲುವುದಿಲ್ಲ, ಮೈಗೆ ಅಂಟಿದಂತಿರುತ್ತದೆ, ಅಂಚು ಕೆಲವೊಮ್ಮೆ ಹಳದಿ. ಬೇಸಿಗೆಯಲ್ಲಿ ಒಂದೆರಡು ದಿನದಲ್ಲೇ ಮೀನು ಹೋಗಬಹುದು. ಬಿಳಿ ಚುಕ್ಕೆಗೆ ಮಾಡಿದಂತೆ ಇದಕ್ಕೂ ನೀರು ಬಿಸಿ ಮಾಡಿದರೆ ರೋಗ ಇನ್ನಷ್ಟು ಜೋರಾಗುತ್ತದೆ. ಹೀಟರ್ ಏರಿಸುವ ಮುನ್ನ ಇದು ಯಾವುದು ಅಂತ ಖಚಿತ ಮಾಡಿಕೊಳ್ಳಿ.

ರೆಕ್ಕೆ ಕೊಳೆ. ರೆಕ್ಕೆ, ಬಾಲದ ಅಂಚು ಹರಿದು, ಬಿಳಿ ಅಥವಾ ಕೆಂಪು ಗೆರೆ ಮೂಡುತ್ತದೆ. ಬೇರೆ ಮೀನು ಕಚ್ಚಿದ್ದರೆ ಹರಿದ ಅಂಚು ಸ್ವಚ್ಛವಾಗಿರುತ್ತದೆ. ಆರಂಭದಲ್ಲಿ ಬರೀ ಶುದ್ಧ ನೀರೇ ಸಾಕು. ದಿನ ಬಿಟ್ಟು ದಿನ ಕಾಲು ಭಾಗ ನೀರು ಬದಲಿಸಿದರೆ ತುದಿಯಲ್ಲಿ ಪಾರದರ್ಶಕ ಹೊಸ ರೆಕ್ಕೆ ಬರಲು ಶುರುವಾಗುತ್ತದೆ. ಆ ಪಾರದರ್ಶಕ ಭಾಗವನ್ನೂ ಕೊಳೆ ಅಂದುಕೊಳ್ಳಬೇಡಿ.

ಡ್ರಾಪ್ಸಿ. ಹೊಟ್ಟೆ ಊದಿ, ಹುರುಪೆಗಳೆಲ್ಲ ನಿಮಿರಿ ನಿಲ್ಲುತ್ತವೆ. ಮೇಲಿನಿಂದ ನೋಡಿದರೆ ಚೆನ್ನಾಗಿ ಗೊತ್ತಾಗುತ್ತದೆ. ಇದು ಒಂದು ರೋಗವಲ್ಲ, ಒಳಗಿನ ಅಂಗಗಳು ಸೋತು ಮೈಯಲ್ಲಿ ನೀರು ತುಂಬಿಕೊಂಡ ಸ್ಥಿತಿ. ಬರೀ ಹೊಟ್ಟೆ ದಪ್ಪಗಾಗಿ ಹುರುಪೆ ನಯವಾಗಿದ್ದರೆ, ಅದು ಗಪ್ಪಿ-ಮೋಲಿ ಹೆಣ್ಣಾಗಿದ್ದರೆ, ಮರಿ ಬರುತ್ತವೆ ಅಷ್ಟೇ.

ತಲೆಕೆಳಗಾಗಿ ತೇಲುವ ಗೋಲ್ಡ್ ಫಿಶ್. ಉರುಟು ಮೈಯ ತಳಿಗಳಲ್ಲಿ ಇದು ಸಾಮಾನ್ಯ. ಬಹಳ ಸಲ ಮಲಬದ್ಧತೆ ಕಾರಣ. ಎರಡು ದಿನ ಉಪವಾಸ ಹಾಕಿ, ಆಮೇಲೆ ಬೇಯಿಸಿ ಸಿಪ್ಪೆ ಸುಲಿದ ಹಸಿ ಬಟಾಣಿಯ ಚೂರು ಕೊಡಿ. ಒಣ ಕಾಳು ಆಹಾರವನ್ನು ಇನ್ನು ಮುಂದೆ ನೆನೆಸಿ ಹಾಕಿ.

ಹುಳಗಳು. ಗಪ್ಪಿಯ ಮಲದ್ವಾರದಿಂದ ಕೆಂಪು ದಾರದಂತೆ ಇಣುಕಿದರೆ ಕಮಲಾನಸ್ ಅನ್ನುವ ಕರುಳಿನ ಹುಳ. ಇದಕ್ಕೆ ಲೆವಾಮಿಸೋಲ್ ಬೇಕು, ಅದು ದನಕರುಗಳಿಗೂ ಕೊಡುವ ಔಷಧಿ. ಪ್ರಮಾಣವನ್ನು ಪಶುವೈದ್ಯರನ್ನು ಕೇಳಿಯೇ ಹಾಕಿ. ಕೆರೆ, ಹೊಂಡದಲ್ಲಿ ಬೆಳೆಸಿದ ಗೋಲ್ಡ್ ಫಿಶ್, ಕೋಯಿ ಮೈಯಲ್ಲಿ ಕಡ್ಡಿಯಂತೆ ಚುಚ್ಚಿಕೊಂಡಿದ್ದರೆ ಆ್ಯಂಕರ್ ವರ್ಮ್ ಅನ್ನುವ ಪರಾವಲಂಬಿ. ಚಿಮಟದಿಂದ ಬುಡದಲ್ಲಿ ಹಿಡಿದು ತೆಗೆಯಬಹುದು, ಆದರೆ ಮರಿಗಳು ನೀರಿನಲ್ಲಿ ಉಳಿದಿರುತ್ತವೆ, ಚಿಕಿತ್ಸೆ ಅಷ್ಟಕ್ಕೇ ಮುಗಿಯುವುದಿಲ್ಲ.

ಹಂತ 6: ಬಿಳಿ ಚುಕ್ಕೆಯ ಚಿಕಿತ್ಸೆ, ದಿನದ ಲೆಕ್ಕದಲ್ಲಿ

ಈ ಪರಾವಲಂಬಿಯ ಬದುಕು ಗೊತ್ತಿದ್ದರೆ ಚಿಕಿತ್ಸೆ ತಾನಾಗಿ ಅರ್ಥವಾಗುತ್ತದೆ. ನಿಮಗೆ ಕಾಣುವ ಚುಕ್ಕೆ ಚರ್ಮದ ಅಡಿಯಲ್ಲಿ ಕೂತು ತಿನ್ನುತ್ತಿರುವ ಹಂತ. ಅಲ್ಲಿಗೆ ಯಾವ ಔಷಧಿಯೂ ತಲುಪುವುದಿಲ್ಲ. ತಿಂದು ದಪ್ಪಗಾದ ಮೇಲೆ ಅದು ಉದುರಿ ತಳ ಸೇರುತ್ತದೆ. ಅಲ್ಲಿ ಒಂದು ಚೀಲದೊಳಗೆ ಒಡೆದು ನೂರಾರು ಮರಿಗಳಾಗುತ್ತದೆ. ಆ ಮರಿಗಳು ಈಜುತ್ತ ಮೀನು ಹುಡುಕುತ್ತವೆ. ಸುಮಾರು ಎರಡು ದಿನದೊಳಗೆ ಮೀನು ಸಿಗದಿದ್ದರೆ ಸಾಯುತ್ತವೆ. ಉಪ್ಪು, ಔಷಧಿ ಕೊಲ್ಲುವುದು ಈಜುವ ಈ ಮರಿಗಳನ್ನು ಮಾತ್ರ.

ಇಡೀ ಚಕ್ರ 25-26 ಡಿಗ್ರಿಯಲ್ಲಿ ಒಂದು ವಾರದೊಳಗೆ ಮುಗಿಯುತ್ತದೆ, ಥಂಡಿ ನೀರಿನಲ್ಲಿ ಹಲವು ವಾರ ಎಳೆಯುತ್ತದೆ. ಧಾರವಾಡದ ಚಳಿಗಾಲದಲ್ಲಿ ಹೀಟರ್ ಇಲ್ಲದ ತೊಟ್ಟಿಯ ನೀರು ರಾತ್ರಿ 20 ಡಿಗ್ರಿಗಿಂತ ಕೆಳಗೆ ಇಳಿಯಬಹುದು. ಮೀನಿನ ರೋಗ ತಡೆಯುವ ಶಕ್ತಿ ಕುಗ್ಗುತ್ತದೆ, ರೋಗ ಮಾತ್ರ ನಿಧಾನವಾಗಿ ಜಗ್ಗಾಡುತ್ತದೆ. ಡಿಸೆಂಬರ್ ಪ್ರಶ್ನೆಗಳ ಮೂಲ ಇದೇ.

ಮೊದಲ ದಿನ: ಕಾಲು ಭಾಗ ನೀರು ಬದಲಿಸಿ, ತಳದ ಕೊಳೆಯನ್ನು ಪೈಪಿನಿಂದ ಎಳೆದು ತೆಗೆಯಿರಿ. ಚೀಲಗಳಲ್ಲಿ ಒಂದಷ್ಟು ಅದರ ಜೊತೆ ಹೊರಗೆ ಹೋಗುತ್ತವೆ. ಏರ್ ಪಂಪ್ ಜೋರು ಮಾಡಿ. ಬಿಸಿಯಾದ ನೀರಿನಲ್ಲಿ ಆಮ್ಲಜನಕ ಕಡಿಮೆ ನಿಲ್ಲುತ್ತದೆ. ಹೀಟರನ್ನು ದಿನಕ್ಕೆ 2 ಡಿಗ್ರಿಯಂತೆ ಏರಿಸುತ್ತ 28-29ಕ್ಕೆ ತನ್ನಿ. ಗೋಲ್ಡ್ ಫಿಶ್ ಥಂಡಿ ನೀರಿನ ಮೀನು, ಅದಕ್ಕೆ 24ರ ಆಸುಪಾಸು ಸಾಕು, ಚಿಕಿತ್ಸೆಯ ದಿನ ಜಾಸ್ತಿ ಮಾಡಿಕೊಳ್ಳಿ.

ಅವತ್ತೇ ಲೀಟರಿಗೆ 1 ಗ್ರಾಂ ಕಲ್ಲುಪ್ಪು, ಮರುದಿನ ಇನ್ನೊಂದು ಗ್ರಾಂ. 48 ಲೀಟರ್ ತೊಟ್ಟಿಗೆ ಒಂದು ಸಲಕ್ಕೆ 48 ಗ್ರಾಂ. ಮಗ್ಗಿನಲ್ಲಿ ಪೂರ್ತಿ ಕರಗಿಸಿ, ಸ್ವಲ್ಪ ಸ್ವಲ್ಪವಾಗಿ ಸುರಿಯಿರಿ. ಹರಳು ಮೀನಿನ ಮೇಲೆ ಬಿದ್ದರೆ ಚರ್ಮ ಸುಡುತ್ತದೆ. ಅಯೋಡಿನ್ ಉಪ್ಪು ಹಾಕಿದರೆ ಮೀನು ಸತ್ತೇ ಹೋಗುತ್ತದೆ ಅನ್ನುವುದು ಅತಿಶಯೋಕ್ತಿ. ಆದರೆ ಪುಡಿ ಉಪ್ಪಿಗೆ ಗಂಟು ಕಟ್ಟದಂತೆ ಬೇರೆ ಪದಾರ್ಥ ಬೆರೆಸಿರುತ್ತಾರೆ. ಕಲ್ಲುಪ್ಪು ಅಗ್ಗವೂ ಹೌದು, ಆ ಚಿಂತೆಯೂ ಇಲ್ಲ.

ಉಪ್ಪಿನ ವಿಷಯದಲ್ಲಿ ಎಲ್ಲರೂ ಮಾಡುವ ತಪ್ಪು ಒಂದಿದೆ. ನೀರು ಆವಿಯಾಗಿ ಹೋಗುತ್ತದೆ, ಉಪ್ಪು ಹೋಗುವುದಿಲ್ಲ. ಇಳಿದ ನೀರನ್ನು ತುಂಬಿಸುವಾಗ ಬರೀ ನೀರು ಹಾಕಿ. ತೊಟ್ಟಿಯಿಂದ ನೀರು ತೆಗೆದರೆ ಮಾತ್ರ, ತೆಗೆದಷ್ಟಕ್ಕೆ ಲೆಕ್ಕ ಹಾಕಿ ಉಪ್ಪು ಸೇರಿಸಿ. 10 ಲೀಟರ್ ತೆಗೆದರೆ, ಲೀಟರಿಗೆ 2 ಗ್ರಾಂ ಲೆಕ್ಕದಲ್ಲಿ, 20 ಗ್ರಾಂ.

ತೊಟ್ಟಿಯಲ್ಲಿ ಗಿಡ, ಕೋರಿಡೋರಾಸ್, ಲೋಚ್‌ನಂಥ ತಳದ ಮೀನು ಇದ್ದರೆ ಉಪ್ಪು ಅವಕ್ಕೆ ಹಿಡಿಸುವುದಿಲ್ಲ. ಆಗ ಬಿಳಿ ಚುಕ್ಕೆಗೆಂದೇ ಬರುವ ಔಷಧಿ ನೋಡಿ. ಹಲವದರಲ್ಲಿ ಮ್ಯಾಲಕೈಟ್ ಗ್ರೀನ್, ಫಾರ್ಮಲಿನ್ ಇರುತ್ತವೆ. ಹುರುಪೆ ಇಲ್ಲದ ಮೀನಿಗೆ, ಟೆಟ್ರಾಗಳಿಗೆ ಪ್ರಮಾಣ ಅರ್ಧ ಮಾಡಿ ಅಂತ ಬಾಟಲಿಯ ಮೇಲೆ ಬರೆದಿದ್ದರೆ ಪಾಲಿಸಿ. ಕೈಗವಸು ಹಾಕಿಕೊಳ್ಳಿ, ಮಕ್ಕಳ ಕೈಗೆ ಕೊಡಬೇಡಿ. ತಿನ್ನುವ ಮೀನಿನ ಸಾಕಣೆಯಲ್ಲಿ ಮ್ಯಾಲಕೈಟ್ ಗ್ರೀನ್ ನಿಷೇಧಿಸಿದ್ದಾರೆ, ಅಷ್ಟು ಕಟುವಾದದ್ದು. ಫಿಲ್ಟರಿನಲ್ಲಿ ಇದ್ದಿಲು, ಅಂದರೆ ಕಾರ್ಬನ್ ಇದ್ದರೆ ಔಷಧಿ ಹಾಕುವ ಮುನ್ನ ತೆಗೆಯಿರಿ, ಇಲ್ಲದಿದ್ದರೆ ಅದು ಔಷಧಿಯನ್ನೇ ಹೀರಿಬಿಡುತ್ತದೆ.

ನಾಲ್ಕನೇ ಐದನೇ ದಿನ ಚುಕ್ಕೆಗಳೆಲ್ಲ ಮಾಯವಾಗುತ್ತವೆ. ಹೆಚ್ಚಿನವರು ಇಲ್ಲಿಗೆ ನಿಲ್ಲಿಸುತ್ತಾರೆ, ಮುಂದಿನ ವಾರ ಎರಡು ಪಟ್ಟು ಚುಕ್ಕೆಯೊಂದಿಗೆ ಮತ್ತೆ ಪ್ರಶ್ನೆ ಬರುತ್ತದೆ. ಚುಕ್ಕೆ ಉದುರಿದೆ ಅಂದರೆ ಅದು ತಳದಲ್ಲಿ ಮರಿ ಮಾಡುತ್ತಿದೆ ಅಂತ ಅರ್ಥ. ಕೊನೆಯ ಚುಕ್ಕೆ ಹೋದ ಮೇಲೂ ಬಿಸಿ ನೀರಿನಲ್ಲಿ ಕನಿಷ್ಠ 4-5 ದಿನ ಮುಂದುವರಿಸಿ. ಒಟ್ಟು 10ರಿಂದ 14 ದಿನ ಅಂತಲೇ ಲೆಕ್ಕ ಇಟ್ಟುಕೊಳ್ಳಿ. ಗೋಲ್ಡ್ ಫಿಶ್‌ಗೆ ಅದಕ್ಕಿಂತ ಜಾಸ್ತಿ. ಮುಗಿದ ಮೇಲೆ ಎರಡು ಮೂರು ಸಲ ನೀರು ಬದಲಿಸಿ ಉಪ್ಪು ಇಳಿಸಿ, ಹೀಟರನ್ನೂ ನಿಧಾನವಾಗಿ 26ಕ್ಕೆ ತನ್ನಿ.

ಬಿಳಿ ಚುಕ್ಕೆಗೆ ಒಂದೇ ಮೀನನ್ನು ಬೇರೆ ಮಾಡಿ ಪ್ರಯೋಜನವಿಲ್ಲ, ಇಡೀ ತೊಟ್ಟಿಗೆ ಚಿಕಿತ್ಸೆ ಬೇಕು. ರೆಕ್ಕೆ ಕೊಳೆ, ಬೂಸ್ಟು, ಗಾಯ, ಹೊಟ್ಟೆ ಊತಕ್ಕೆ ಮಾತ್ರ ಬೇರೆ ಟಬ್.

ಹಂತ 7: ಬೇರೆ ಟಬ್‌ನಲ್ಲಿ ಚಿಕಿತ್ಸೆ

ಟಬ್‌ಗೆ ಮುಖ್ಯ ತೊಟ್ಟಿಯ ನೀರನ್ನೇ ಅರ್ಧ ತುಂಬಿ. ಕಲ್ಲು ಬೇಡ, ಅಡಗಲು ಒಂದು ಪ್ಲಾಸ್ಟಿಕ್ ಪೈಪಿನ ತುಂಡು ಸಾಕು. ಹೀಟರ್‌ಗೆ ಲೀಟರಿಗೆ ಸುಮಾರು 1 ವಾಟ್ ಲೆಕ್ಕ. ದಿನವೂ ಕಾಲು ಭಾಗ ನೀರು ಬದಲಿಸಿ, ಏಕೆಂದರೆ ಸಣ್ಣ ಟಬ್‌ನಲ್ಲಿ ಅಮೋನಿಯಾ ಬೇಗ ಏರುತ್ತದೆ. ತೆಗೆದ ನೀರಿನ ಪಾಲಿನ ಔಷಧಿಯನ್ನು ಮತ್ತೆ ಸೇರಿಸಿ.

ಮೆಥಿಲಿನ್ ಬ್ಲೂ ಟಬ್‌ಗೆ ಮಾತ್ರ. ಮುಖ್ಯ ತೊಟ್ಟಿಗೆ ಹಾಕಿದರೆ ಫಿಲ್ಟರಿನ ಬ್ಯಾಕ್ಟೀರಿಯಾ ಸಾಯುತ್ತವೆ, ಗಿಡ ಹಾಳಾಗುತ್ತದೆ, ಗಾಜಿನ ಅಂಚಿನ ಸಿಲಿಕಾನ್ ಶಾಶ್ವತವಾಗಿ ನೀಲಿಯಾಗುತ್ತದೆ. ಹಳದಿ ಬಾಟಲಿ ಸಾಮಾನ್ಯವಾಗಿ ಆಕ್ರಿಫ್ಲೇವಿನ್, ಅದೂ ಟಬ್‌ಗೇ ಇರಲಿ. ಎರಡು ಔಷಧಿ ಒಟ್ಟಿಗೆ ಬೇಡ. ಹನಿಗಳನ್ನು ಬಾಟಲಿಯ ಮುಚ್ಚಳದಿಂದ ಅಂದಾಜಿಸದೆ ಸಿರಿಂಜಿನಿಂದ ಅಳೆಯಿರಿ.

ಮನುಷ್ಯರ ಆ್ಯಂಟಿಬಯಾಟಿಕ್ ಕ್ಯಾಪ್ಸೂಲ್ ಒಡೆದು ತೊಟ್ಟಿಗೆ ಹಾಕುವ ಅಭ್ಯಾಸ ನಮ್ಮಲ್ಲಿ ಎಷ್ಟು ಹರಡಿದೆ ಅಂದರೆ ಅದನ್ನೇ ಮೊದಲ ಚಿಕಿತ್ಸೆ ಅಂದುಕೊಂಡವರಿದ್ದಾರೆ. ದಯವಿಟ್ಟು ಬೇಡ. ಯಾವ ಬ್ಯಾಕ್ಟೀರಿಯಾ ಅಂತ ಗೊತ್ತಿಲ್ಲದೆ, ಪ್ರಮಾಣ ಗೊತ್ತಿಲ್ಲದೆ ಹಾಕಿದರೆ ಔಷಧಿಗೆ ಬಗ್ಗದ ರೋಗಾಣುಗಳು ಬೆಳೆಯುತ್ತವೆ. ಆ ನೀರು ಕೊನೆಗೆ ನಿಮ್ಮದೇ ಗಟಾರಕ್ಕೆ ಹೋಗುತ್ತದೆ. ಅರಿಶಿನವೂ ಬೇಡ, ಅದು ನೀರನ್ನು ಕೆಡಿಸುತ್ತದೆ.

ಹಂತ 8: ಉಳಿಯದ ಮೀನು

ಹುರುಪೆ ಪೂರ್ತಿ ನಿಮಿರಿದ ಡ್ರಾಪ್ಸಿ, ಬೆನ್ನು ಬಾಗಿ ತಿಂಗಳುಗಟ್ಟಲೆ ಸೊರಗಿದ ಮೀನು ಬದುಕುವುದು ಅಪರೂಪ. ನರಳುತ್ತಿದ್ದರೆ ಲವಂಗದ ಎಣ್ಣೆ ಬಳಸಬಹುದು. ಒಂದು ಬಾಟಲಿಯಲ್ಲಿ ಸ್ವಲ್ಪ ಬೆಚ್ಚಗಿನ ನೀರಿಗೆ ಎಣ್ಣೆ ಹಾಕಿ ಹಾಲಿನ ಬಣ್ಣ ಬರುವವರೆಗೆ ಕುಲುಕಿ, ಮೀನಿರುವ ಪಾತ್ರೆಗೆ ಸ್ವಲ್ಪ ಸ್ವಲ್ಪವಾಗಿ ಸೇರಿಸಿ. ಮೊದಲು ಪ್ರಜ್ಞೆ ತಪ್ಪುತ್ತದೆ, ಆಮೇಲೆ ಇನ್ನಷ್ಟು ಸೇರಿಸಿದರೆ ಉಸಿರು ನಿಲ್ಲುತ್ತದೆ. ಕಿವಿರು ನಿಂತ ಮೇಲೂ ಅರ್ಧ ಗಂಟೆ ಹಾಗೇ ಬಿಡಿ. ಜೀವಂತ ಮೀನನ್ನು ಫ್ರೀಜರಿಗೆ ಹಾಕುವುದು, ಟಾಯ್ಲೆಟ್‌ಗೆ ಬಿಡುವುದು ಕ್ರೂರ.

ಸತ್ತ ಮೀನನ್ನು ತಕ್ಷಣ ತೆಗೆದು ಮಣ್ಣಿನಲ್ಲಿ ಹೂಳಿ. ಬೇರೆ ಮೀನು ಅದನ್ನು ಕುಕ್ಕಿದರೆ ರೋಗ ಅದಕ್ಕೂ ಹೋಗುತ್ತದೆ. ಸಾಕಲು ಆಗುತ್ತಿಲ್ಲ ಅಂತ ಬದುಕಿರುವ ಮೀನನ್ನು ಉಣಕಲ್ ಕೆರೆಗೋ, ಕೆಲಗೇರಿ ಕೆರೆಗೋ, ಗದಗಿನ ಭೀಷ್ಮ ಕೆರೆಗೋ ಬಿಡುವುದೂ ಅಷ್ಟೇ ತಪ್ಪು. ಕೊಳೆ ತಿನ್ನುತ್ತದೆ ಅಂತ ತರುವ ಸಕ್ಕರ್ ಮೀನು ಈಗಾಗಲೇ ದೇಶದ ಹಲವು ಕೆರೆ-ನದಿಗಳಲ್ಲಿ ಬೇರೂರಿ ಸ್ಥಳೀಯ ಮೀನುಗಳಿಗೆ ಮುಳುವಾಗಿದೆ. ಬೇಡವಾದದ್ದನ್ನು ಅಂಗಡಿಗೆ ವಾಪಸ್ ಕೊಡಿ.

ನಿಮ್ಮ ಕೈಯ ಬಗ್ಗೆಯೂ ಒಂದು ಮಾತು. ಮೀನಿನ ಕ್ಷಯ ಅಂತ ಕರೆಯುವ ಮೈಕೊಬ್ಯಾಕ್ಟೀರಿಯಂ ಮರೈನಮ್, ಗಾಯದ ಮೂಲಕ ಮನುಷ್ಯರ ಚರ್ಮಕ್ಕೂ ಬರುತ್ತದೆ. ಕೈಯಲ್ಲಿ ಗೀರು ಇದ್ದಾಗ ತೊಟ್ಟಿಗೆ ಬರಿಗೈ ಹಾಕಬೇಡಿ. ಪೈಪಿನಿಂದ ನೀರು ಎಳೆಯುವಾಗ ಬಾಯಿ ಹಚ್ಚಬೇಡಿ. ಬೆರಳಿನ ಮೇಲೆ ವಾರಗಟ್ಟಲೆ ಮಾಯದ ಗಂಟು ಎದ್ದರೆ ಚರ್ಮದ ವೈದ್ಯರ ಹತ್ತಿರ ಹೋಗಿ, ಮನೆಯಲ್ಲಿ ಅಕ್ವೇರಿಯಂ ಇದೆ ಅಂತ ಮರೆಯದೆ ಹೇಳಿ. ಹೇಳದಿದ್ದರೆ ಅವರಿಗೆ ಹೊಳೆಯುವುದು ಕಷ್ಟ.

ಹಂತ 9: ಹೊಸ ಮೀನು ಬಂದಾಗ

ಅಂಗಡಿಯಲ್ಲಿ ಸತ್ತ ಮೀನು ತೇಲುತ್ತಿರುವ ತೊಟ್ಟಿಯಿಂದ ಬದುಕಿದ ಮೀನನ್ನೂ ತರಬೇಡಿ. ಒಂದೇ ನೀರು ಎಲ್ಲ ತೊಟ್ಟಿಗಳಿಗೂ ಸುತ್ತುವ ವ್ಯವಸ್ಥೆ ಇದ್ದರೆ ಪಕ್ಕದ ತೊಟ್ಟಿಯದೂ ಬೇಡ. ತಂದ ಮೀನನ್ನು ಅದೇ 20 ಲೀಟರ್ ಟಬ್‌ನಲ್ಲಿ ಎರಡರಿಂದ ನಾಲ್ಕು ವಾರ ಕ್ವಾರಂಟೈನ್ ಮಾಡಿ. ಕೊರೊನಾ ಕಾಲದಲ್ಲಿ ಆ ಪದ ಎಲ್ಲರಿಗೂ ಗೊತ್ತಾಯಿತು, ಮೀನಿಗೆ ಮಾತ್ರ ಇನ್ನೂ ಯಾರೂ ಮಾಡುತ್ತಿಲ್ಲ. ಪ್ಯಾಕೆಟ್ ತೇಲಿಬಿಟ್ಟು ಉಷ್ಣತೆ ಸರಿದೂಗಿದ ಮೇಲೆ ಟಬ್ಬಿನ ನೀರನ್ನು ಸ್ವಲ್ಪ ಸ್ವಲ್ಪ ಸೇರಿಸಿ, ಮೀನನ್ನು ಬಲೆಯಲ್ಲಿ ಎತ್ತಿ ಬಿಡಿ. ಅಂಗಡಿಯ ನೀರು ಗಟಾರಕ್ಕೆ.

ಟಬ್‌ನ ಬಲೆ, ಬಕೆಟ್, ಪೈಪ್ ಮುಖ್ಯ ತೊಟ್ಟಿಗೆ ತಾಗಬಾರದು. ಎರಡು ಬಲೆ ಇಟ್ಟುಕೊಳ್ಳಿ, ಒಂದಕ್ಕೆ ಕೆಂಪು ದಾರ ಕಟ್ಟಿ. ಬಳಸಿದ ಮೇಲೆ ಬಿಸಿಲಿನಲ್ಲಿ ಪೂರ್ತಿ ಒಣಗಿಸಿ. ದಿನದ ಕೆಲಸದಲ್ಲಿ ಮೊದಲು ಆರೋಗ್ಯವಂತ ತೊಟ್ಟಿ, ಆಮೇಲೆ ಟಬ್. ಆ ಕ್ರಮ ತಪ್ಪಿದ ದಿನ ಮೊಣಕೈವರೆಗೆ ಸೋಪು ಹಚ್ಚಿ ಚೆನ್ನಾಗಿ ತೊಳೆದು, ಒರೆಸಿಕೊಂಡು ತೊಟ್ಟಿ ಮುಟ್ಟಿ.